ವರ್ಣನಾತ್ಮಕ ಪ್ರಬಂಧ ಬರೆಸುವುದು: ಕೊಡಗಿನ ತರಗತಿಯಲ್ಲಿ ನನ್ನ ಅನುಭವ

ಐದು, ಆರನೇ ತರಗತಿಯ ಮಕ್ಕಳಿಗೆ ‘ನಮ್ಮ ಊರು’ ಅಂತ ಪ್ರಬಂಧ ಕೊಟ್ಟರೆ ಎಲ್ಲರ ಪುಸ್ತಕದಲ್ಲೂ ಹೆಚ್ಚುಕಡಿಮೆ ಒಂದೇ ಸಾಲುಗಳು. ನಮ್ಮ ಕೊಡಗು ತುಂಬಾ ಸುಂದರವಾಗಿದೆ. ಇದನ್ನು ಭಾರತದ ಸ್ಕಾಟ್ಲೆಂಡ್ ಎನ್ನುತ್ತಾರೆ. ಸ್ಕಾಟ್ಲೆಂಡ್ ಹೇಗಿದೆಯೆಂದು ಮಗುವಿಗೆ ಗೊತ್ತಿಲ್ಲ, ಓದುವವರಿಗೂ ಗೊತ್ತಿಲ್ಲ. ಸಾಲು ಗೈಡಿನಿಂದ ಬಂದದ್ದು. ನೋಡಿಸುವ ಮೊದಲೇ ಬರೆಯಲು ಕೂರಿಸಿದರೆ ಹೀಗೇ ಆಗುತ್ತದೆ. ಅದಕ್ಕೇ ನಾನು ಊರು, ಜಲಪಾತ, ಹಬ್ಬ ಇವನ್ನೆಲ್ಲ ಆಮೇಲಕ್ಕೆ ಇಟ್ಟುಕೊಂಡು ಅಂಗೈಯಲ್ಲಿ ಹಿಡಿಯುವ ವಸ್ತುವಿನಿಂದ ಶುರುಮಾಡುತ್ತೇನೆ.

ನವೆಂಬರ್‌ನಿಂದ ಜನವರಿವರೆಗೆ ಕಾಫಿ ಹಣ್ಣಿಗಿಂತ ಒಳ್ಳೆಯ ಪಾಠೋಪಕರಣ ನಮಗೆ ಬೇರೆ ಇಲ್ಲ. (ಕಾಫಿ ಹೂವು ಇನ್ನೂ ಚೆನ್ನ, ಆದರೆ ಅದು ಬೇಸಿಗೆ ಶುರುವಿನ ಮಳೆ, ಅಂದರೆ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುವಂಥದ್ದು. ಅಷ್ಟು ಹೊತ್ತಿಗೆ ಪರೀಕ್ಷೆಯ ಗಡಿಬಿಡಿ.) ನಾಲ್ಕು ಮಕ್ಕಳ ಗುಂಪಿಗೆ ಒಂದು ಹಸಿರು ಕಾಯಿ, ಎರಡು ಕೆಂಪು ಹಣ್ಣು, ಕಣದಲ್ಲಿ ಒಣಗಿದ್ದು ಒಂದಷ್ಟು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೊದಲ ಹತ್ತು ನಿಮಿಷ ಪೆನ್ನು ಮುಟ್ಟುವಂತಿಲ್ಲ. ಹಣ್ಣನ್ನು ಹಿಸುಕಿದರೆ ಸಿಪ್ಪೆ ಒಂದು ಕಡೆ ಸೀಳಿ, ಲೋಳೆ ಹತ್ತಿಕೊಂಡ ಎರಡು ಬೀಜ ಬೆರಳಿನಿಂದ ಜಾರುತ್ತವೆ. ಬೀಜದ ಒಂದು ಮೈ ಉಬ್ಬು, ಇನ್ನೊಂದು ಚಪ್ಪಟೆ, ಚಪ್ಪಟೆ ಮೈಯ ನಡುವೆ ಗೀರು. ಕೆಲವು ಹಣ್ಣಿನಲ್ಲಿ ಒಂದೇ ದುಂಡು ಬೀಜ ಸಿಗುತ್ತದೆ, ಸಿಕ್ಕಿದ ಮಗು ಆ ದಿನ ಎಲ್ಲರಿಗಿಂತ ಹೆಚ್ಚು ಬರೆಯುತ್ತದೆ. ಒಣಗಿದ್ದನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಕಟಕಟ ಸದ್ದು. ರಸ ಸಿಹಿ. ಆದರೆ ಔಷಧಿ ಹೊಡೆದ ತೋಟದ ಹಣ್ಣನ್ನು ಬಾಯಿಗೆ ಹಾಕಿಸಲೇಬಾರದು. ರುಚಿ ಬರೆಸಬೇಕಾದ ದಿನ ಕಿತ್ತಳೆ ತಂದರೆ ಸಾಕು.

ಆಮೇಲೆ ಪುಸ್ತಕದಲ್ಲಿ ಐದು ಕಂಬ ಸಾಲು: ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಪ್ರತಿಯೊಂದರಲ್ಲೂ ಮೂರು ಪದ, ಸಿಗದಿದ್ದರೆ ಖಾಲಿ ಬಿಡಬೇಕು. ಐದನ್ನೂ ತುಂಬಿಸಲೇಬೇಕು ಅಂದರೆ ಮಕ್ಕಳು ಕಲ್ಲಿಗೂ ಪರಿಮಳ ಬರೆಯುತ್ತಾರೆ. ಕರಿಹಲಗೆಯ ಮೂಲೆಯಲ್ಲಿ ‘ಸುಂದರ, ಚೆನ್ನಾಗಿದೆ, ತುಂಬಾ’ ಎಂದು ಬರೆದು ಚೌಕ ಹಾಕುತ್ತೇನೆ. ಈ ಪ್ರಬಂಧದಲ್ಲಿ ಆ ಮೂರೂ ಬಳಸುವಂತಿಲ್ಲ. ಮೊದಲು ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ಐದು ನಿಮಿಷ ಸುಮ್ಮನೆ ಬಿಟ್ಟರೆ ನುಣುಪು, ತರಿತರಿ, ಜಿಗುಟು, ಘಾಟು, ಒಗರು ಒಂದೊಂದಾಗಿ ಹೊರಬರುತ್ತವೆ.

ಇಲ್ಲಿ ಕೊಡಗಿನ ತರಗತಿಯ ಒಂದು ವಿಶೇಷ ಹೇಳಲೇಬೇಕು. ಒಂದೇ ಬೆಂಚಿನಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ ಆಡುವ ಮಕ್ಕಳು ಕೂತಿರುತ್ತಾರೆ. ಹಲವರಿಗೆ ಕನ್ನಡ ಶಾಲೆಯ ಭಾಷೆ. ವಾಸನೆ, ಸ್ಪರ್ಶದ ಮಾತು ಅವರಿಗೆ ಮೊದಲು ಮನೆಮಾತಿನಲ್ಲೇ ಬರುತ್ತದೆ. ‘ಕನ್ನಡದಲ್ಲೇ ಹೇಳು’ ಎಂದು ತಡೆದರೆ ಮಗು ಮತ್ತೆ ‘ಚೆನ್ನಾಗಿದೆ’ಗೇ ಹೋಗುತ್ತದೆ. ಹಾಗಾಗಿ ಕಂಬ ಸಾಲಿನಲ್ಲಿ ಯಾವ ಭಾಷೆಯ ಪದವಾದರೂ ಸರಿ, ಕನ್ನಡ ಲಿಪಿಯಲ್ಲಿ ಬರೆಯಲಿ. ಕನ್ನಡದಲ್ಲಿ ಅದಕ್ಕೇನೆನ್ನುತ್ತಾರೆ ಎಂದು ಆಮೇಲೆ ತರಗತಿಯೆಲ್ಲ ಸೇರಿ ಹುಡುಕುತ್ತೇವೆ. ಸರಿಯಾದ ಪದ ಸಿಗದಿದ್ದರೆ ಮನೆಯ ಪದವನ್ನೇ ಪ್ರಬಂಧದಲ್ಲಿ ಉಳಿಸಿ, ಮುಂದಿನ ವಾಕ್ಯದಲ್ಲಿ ಬಿಡಿಸಿ ಹೇಳಿಸುತ್ತೇನೆ. ಆ ಬಿಡಿಸಿ ಹೇಳಿದ ವಾಕ್ಯವೇ ಎಷ್ಟೋ ಸಲ ಇಡೀ ಪ್ರಬಂಧದಲ್ಲಿ ಎದ್ದು ಕಾಣುತ್ತದೆ.

ಎರಡನೇ ಹಂತ ಕ್ರಮ. ಇದಕ್ಕೆ ಕಟ್ಟಡ ಬೇಕು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಹೇಳಿ ಮಾಡಿಸಿದಂತಿದೆ: ಮುಂದೆ ಕೆರೆ, ಕೆರೆಯ ನಡುವೆ ಮಂಟಪ, ಹಿಂದೆ ಗುಡಿ, ಗುಡಿಯ ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹೋಗಲಾಗದವರಿಗೆ ಫೋಟೊ ಸಾಕು. ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ, ಯಾವುದಾದರೂ ಒಂದು ದಾರಿ ಹಿಡಿದು ಕೊನೆವರೆಗೆ ಅದೇ ದಾರಿಯಲ್ಲಿ ಹೋಗಬೇಕು. ಕೆರೆಯಿಂದ ಗುಮ್ಮಟಕ್ಕೆ ಹಾರಿ ಮತ್ತೆ ಮೆಟ್ಟಿಲಿಗೆ ಬಂದರೆ ಓದುವವರಿಗೆ ಏನೂ ಕಾಣುವುದಿಲ್ಲ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು ಎಂಬುದು ಮಾಹಿತಿ, ವರ್ಣನೆಯಲ್ಲ. ಅದಕ್ಕೆ ಒಂದು ವಾಕ್ಯ ಸಾಕು. ಗುಮ್ಮಟವೂ ಮಿನಾರೂ ಇದ್ದು ನೋಡಲು ಮಸೀದಿಯಂತಿದೆ ಎಂದು ಮಕ್ಕಳು ತಾವಾಗಿ ಹೇಳುವುದುಂಟು. ಅದು ಕಂಡದ್ದು, ಬರೆಯಲಿ.

‘ಇದೆ’ಯ ಕಾಟ ಬೇರೆ. ಬಾವಿ ಇದೆ, ಮರ ಇದೆ, ಬಳ್ಳಿ ಇದೆ. ಕ್ರಿಯಾಪದ ಬದಲಾಯಿಸಿದರೆ ಅರ್ಧ ಕೆಲಸ ಮುಗಿದಂತೆ: ಬಾವಿಕಟ್ಟೆಗೆ ಪಾಚಿ ಹಿಡಿದಿದೆ, ಕರಿಮೆಣಸಿನ ಬಳ್ಳಿ ಸಿಲ್ವರ್ ಮರದ ತುದಿಗೆ ಹತ್ತಿದೆ. ಗುಣವಾಚಕ ಗುಡ್ಡೆಹಾಕಿಸುವುದಕ್ಕಿಂತ ಇದು ಎಷ್ಟೋ ಮೇಲು. ಹತ್ತು ವಾಕ್ಯದಲ್ಲಿ ಮೂರಕ್ಕಿಂತ ಹೆಚ್ಚು ‘ಇದೆ’ ಬಾರದಂತೆ ಮಕ್ಕಳೇ ಎಣಿಸಿಕೊಳ್ಳಲಿ.

ಇನ್ನೊಂದು ತಪ್ಪು, ವರ್ಣನೆ ಕಥೆಯಾಗಿಬಿಡುವುದು. ಅಬ್ಬಿ ಜಲಪಾತದ ಬಗ್ಗೆ ಬರಿ ಅಂದರೆ ಬೆಳಿಗ್ಗೆ ಎದ್ದು, ಬಸ್ಸು ಹತ್ತಿ, ಪುಳಿಯೋಗರೆ ತಿಂದು, ಸಂಜೆ ಮನೆಗೆ ಬರುತ್ತಾರೆ, ನೀರು ಒಂದೇ ಸಾಲಿನಲ್ಲಿ ಬಿದ್ದು ಮುಗಿಯುತ್ತದೆ. ‘ನೀನು ಒಂದೇ ಜಾಗದಲ್ಲಿ ನಿಂತಿದ್ದೀ, ಕಾಲು ಎತ್ತುವಂತಿಲ್ಲ, ಈಗ ಹೇಳು’ ಎಂದರೆ ಸರಿಹೋಗುತ್ತದೆ.

ಮೊದಲ ಕರಡಿನಲ್ಲಿ ಕಾಗುಣಿತ, ಒತ್ತಕ್ಷರ ತಿದ್ದುವುದಿಲ್ಲ. ಪುಟವೆಲ್ಲ ಕೆಂಪಾದರೆ ಮಗು ಮುಂದಿನ ಸಲ ಗೊತ್ತಿರುವ ಪದವನ್ನಷ್ಟೇ ಬರೆಯುತ್ತದೆ. ಒಂದು ಒಳ್ಳೆಯ ವಾಕ್ಯಕ್ಕೆ ಅಡಿಗೆರೆ, ಅಂಚಿನಲ್ಲಿ ಎರಡು ಪ್ರಶ್ನೆ: ಎಂಥ ಸದ್ದು? ಯಾವ ಕಡೆ? ತಿದ್ದುವುದು ಎರಡನೇ ಕರಡಿನಲ್ಲಿ. ನಡುವೆ ಒಂದು ಪರೀಕ್ಷೆ: ಒಬ್ಬರು ವಸ್ತುವಿನ ಹೆಸರು ಬಿಟ್ಟು ಓದಬೇಕು, ಜೊತೆಯವರು ಕೇಳಿ ಚಿತ್ರ ಬರೆಯಬೇಕು. ಬಾಗಿಲು ಯಾವ ಕಡೆ ಎಂದು ಚಿತ್ರ ಬರೆಯುವವರು ಕೇಳಿದರೆ ಅಲ್ಲೊಂದು ವಾಕ್ಯ ಕಮ್ಮಿಯಿದೆ ಎಂದರ್ಥ. ಟೀಚರ್ ಹತ್ತು ಸಲ ಹೇಳಿದರೂ ತಿದ್ದದವರು ಇದಕ್ಕೆ ಆಗಲೇ ತಿದ್ದುತ್ತಾರೆ.

ಪೀಠಿಕೆ, ಉಪಸಂಹಾರ ಕಲಿಸುವುದು ಕೊನೆಗೆ, ಒಂದೇ ಪೀರಿಯಡ್ ಸಾಕು. ನಡುವಿನ ಭಾಗ ತಯಾರಾದ ಮೇಲೆ ಪೀಠಿಕೆಗೆ ಎರಡು ವಾಕ್ಯ: ಏನು, ಎಲ್ಲಿಂದ ನೋಡುತ್ತಿದ್ದೇನೆ. ಉಪಸಂಹಾರಕ್ಕೆ, ಅಲ್ಲಿಂದ ಹೊರಡುವಾಗ ಕೊನೆಗೆ ಕಂಡದ್ದು ಅಥವಾ ಕೇಳಿದ್ದು. ‘ನಾವೆಲ್ಲರೂ ಇದನ್ನು ಕಾಪಾಡೋಣ’ ಎಂಬ ಸಾಲು ಮಗುವಿಗೆ ಬೇಕೆನಿಸಿದರೆ ಯಾರಿಂದ, ಏನನ್ನು ಕಾಪಾಡಬೇಕು ಎಂದು ಅದೇ ವಾಕ್ಯದಲ್ಲಿ ಬರೆಯಲಿ.