ಜಗಲಿಯಿಂದ ಒಳಗೆ: ನಮ್ಮ ತೊಟ್ಟಿ ಮನೆ ಆರು ರೂಮಿನ ಹೋಟೆಲ್ ಆದದ್ದು

ನಮ್ಮ ಮನೆ ಇರುವುದು ಸಕಲೇಶಪುರದಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ. ಅಜ್ಜನ ಕಾಲದ ತೊಟ್ಟಿ ಮನೆ, ಅಂದರೆ ನಡುವೆ ತೆರೆದ ಅಂಗಳ ಇರುವ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಇದ್ದಳು. ನಾನು ಬೆಂಗಳೂರಿನಲ್ಲಿ 11 ವರ್ಷ ಇಂಟೀರಿಯರ್ ಕೆಲಸ ಮಾಡಿ ಊರಿಗೆ ವಾಪಸ್ ಬಂದೆ. ಇಷ್ಟು ದೊಡ್ಡ ಮನೆಯಲ್ಲಿ ನಾಲ್ಕು ಕೋಣೆಗೆ ದೀಪವೇ ಹಚ್ಚುತ್ತಿರಲಿಲ್ಲ. ಅದನ್ನು ಚಿಕ್ಕ ಹೋಟೆಲ್ ಮಾಡೋಣ, ಆದರೆ ಬಂದವರಿಗೆ ಮನೆ ಅನ್ನಿಸಬೇಕು ಅಂತ ಅಮ್ಮನಿಗೆ ಹೇಳಿದೆ.

ಅಮ್ಮ ಕೇಳಿದ್ದು ಒಂದೇ ಮಾತು. "ದುಡ್ಡು ಇಸ್ಕೊಂಡ ಮೇಲೆ ಅವರು ನೆಂಟರು ಹೇಗಾಗ್ತಾರೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಮುಂದೆ ಗೋಡೆ, ನೆಲ, ಬಾಗಿಲು ಏನೇ ಮುಟ್ಟಿದರೂ ಈ ಪ್ರಶ್ನೆ ಎದುರು ಬರುತ್ತಿತ್ತು.

ಮೊದಲ ಒಂದು ವರ್ಷ ಏನನ್ನೂ ಒಡೆಯಲಿಲ್ಲ. ಸುಮ್ನೆ ಮನೆಯಲ್ಲಿ ಇದ್ದೆ. ಬೆಳಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಮಳೆಗಾಲದಲ್ಲಿ ಯಾವ ಗೋಡೆ ತೇವ ಹೀರುತ್ತದೆ, ಜನ ಬಂದರೆ ಎಲ್ಲಿ ಕೂರುತ್ತಾರೆ ಅಂತ ನೋಡಿದೆ. ನಮ್ಮ ಕಡೆ ಮನೆಗೆ ಬಂದವರು ಎಲ್ಲಿವರೆಗೆ ಒಳಗೆ ಬರುತ್ತಾರೆ ಅನ್ನುವುದರಲ್ಲೇ ಸಂಬಂಧ ಗೊತ್ತಾಗುತ್ತದೆ. ಕಾಫಿ ವ್ಯಾಪಾರದವರು ಜಗಲಿಯಲ್ಲೇ ಕೂತು ಮಾತಾಡಿ ಹೋಗುತ್ತಾರೆ. ಪರಿಚಯದವರು ತೊಟ್ಟಿಯ ಸುತ್ತ ಕೂರುತ್ತಾರೆ. ನೆಂಟರು ನಡುಮನೆಗೆ ಬರುತ್ತಾರೆ. ತೀರಾ ಹತ್ತಿರದವರು ಸೀದಾ ಅಡುಗೆ ಮನೆಗೆ ಹೋಗಿ ಮಣೆ ಎಳೆದುಕೊಂಡು ಕೂರುತ್ತಾರೆ. ಈ ದಾರಿಯನ್ನು ಉಳಿಸಿಕೊಂಡರೆ ಅರ್ಧ ಡಿಸೈನ್ ಆದಂತೆಯೇ ಅಂತ ನನಗೆ ಅನ್ನಿಸಿತು.

ಹಾಗಾಗಿ ರಿಸೆಪ್ಷನ್ ಕೌಂಟರ್ ಮಾಡಲೇ ಇಲ್ಲ. ಜಗಲಿಯ ಪಕ್ಕ ಕಾಲು ತೊಳೆಯುವ ಕಲ್ಲು ಮೊದಲೇ ಇತ್ತು. ಅಲ್ಲಿಗೆ ಒಂದು ನಲ್ಲಿ ಕೊಟ್ಟೆವು. ಕೈಗೆ ಟವೆಲ್, ಕುಡಿಯಲು ನೀರು, ಜೊತೆಗೆ ಒಂದು ಚೂರು ಬೆಲ್ಲ. ಆಮೇಲೆ ಕಾಫಿ. ಗುರುತಿನ ಚೀಟಿ, ದುಡ್ಡು ಎಲ್ಲ ಬರುವ ಮೊದಲೇ ಫೋನಿನಲ್ಲಿ ಮುಗಿದಿರುತ್ತದೆ. ಜಗಲಿಯ ಮೇಲೆ ಬಿಲ್ ಪುಸ್ತಕ ಇಡಬಾರದು ಅನ್ನುವುದು ನನ್ನದೇ ನಿಯಮ.

ಇನ್ನು ಗೋಡೆಯ ಕಥೆ. ಇಲ್ಲಿ ನಾವು ದೊಡ್ಡ ತಪ್ಪು ಮಾಡಿದೆವು. ನಮ್ಮದು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ಪೇಂಟ್ ಕಂಟ್ರಾಕ್ಟರ್ ಒಬ್ಬರು ಪುಟ್ಟಿ ಹಾಕಿ ಎಮಲ್ಷನ್ ಹೊಡೆದರೆ ನುಣ್ಣಗೆ ಕಾಣುತ್ತದೆ ಎಂದರು. ನಾನೂ ಒಪ್ಪಿದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಜೂನ್ ಮಳೆ ಹಿಡಿದು ಮೂರು ವಾರಕ್ಕೆ ಗೋಡೆಯ ತುಂಬ ಗುಳ್ಳೆ. ಕೈ ಇಟ್ಟರೆ ಸಿಪ್ಪೆಯಂತೆ ಕಳಚಿ ಬರುತ್ತಿತ್ತು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕೂತರೆ ಆ ತೇವಕ್ಕೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಹಳೆ ಮನೆ ಇರುವವರು ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಎಲ್ಲ ಕೆರೆದು ತೆಗೆಸಿದೆವು. ಸುಣ್ಣದ ಕಲ್ಲು ತಂದು ನೆನೆಸಿ, ಸೋಸಿ, ಕೈಗೆ ಅಂಟದ ಹಾಗೆ ಗೋಂದು ಬೆರೆಸಿ, ತೆಳುವಾಗಿ ಮೂರು ಸಲ ಬಳಿಸಿದೆ. ಸಾಮಾನ್ಯವಾಗಿ ಬಿಳುಪು ಬರಲಿ ಅಂತ ಸುಣ್ಣಕ್ಕೆ ನೀಲಿ ಹಾಕುತ್ತಾರೆ. ನಾನು ನೀಲಿ ಬಿಟ್ಟು ಒಂದು ಹಿಡಿ ಕೆಮ್ಮಣ್ಣು ಹಾಕಿಸಿದೆ. ಸಂಜೆ ದೀಪ ಹಚ್ಚಿದಾಗ ಗೋಡೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಕೆಳಗೆ ಒಂದು ಮೊಳ ಎತ್ತರಕ್ಕೆ ಬರೀ ಕೆಮ್ಮಣ್ಣಿನ ಪಟ್ಟಿ. ಮಳೆಗಾಲದಲ್ಲಿ ಕೊಳೆಯಾಗುವುದು ಅಷ್ಟೇ ಜಾಗ ಅಲ್ವಾ? ಹಳಬರು ಅಲ್ಲಿ ಕೆಂಪು ಬಳಿಯುತ್ತಿದ್ದದ್ದು ಸುಮ್ನೆ ಅಲ್ಲ. ಪ್ರತಿ ವರ್ಷ ದೀಪಾವಳಿಗೆ ಮೊದಲು ಮತ್ತೆ ಬಳಿಯಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದೇನೆ.

ನೆಲದ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ನಡುಮನೆಯ ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗೆ ಉಳಿದಿತ್ತು. ಎರಡು ಕೋಣೆಯದ್ದು ಮಾತ್ರ ಒಡೆದಿತ್ತು. ಅಲ್ಲಿಗೆ ಟೈಲ್ಸ್ ಹಾಕಿಸಿ ಎಂದು ಎಲ್ಲರೂ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಬರಿಗಾಲಿಗೆ ಆ ನೆಲ ಕೊಡುವ ತಂಪು ಟೈಲ್ಸ್ ಕೊಡುವುದಿಲ್ಲ. ಆಕ್ಸೈಡ್ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಸಿಕ್ಕವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರದ್ದು ಒಂದು ಪಾಲು ಬಣ್ಣದ ಪುಡಿಗೆ ಮೂರು ಪಾಲು ಸಿಮೆಂಟಿನ ಲೆಕ್ಕ. ಕೆಳಗಿನ ಗಾರೆ ಹಸಿ ಇರುವಾಗಲೇ ಬಣ್ಣದ ಪದರ ಹಾಕಿ, ಹೊಳಪು ಬರುವವರೆಗೆ ಕರಣೆಯಲ್ಲಿ ಉಜ್ಜುತ್ತಾ ಹೋಗಬೇಕು. ಒಂದು ಕೋಣೆ ಒಂದೇ ದಿನದಲ್ಲಿ ಮುಗಿಯಬೇಕು.

"ಊಟ ಮಾಡಿ ಮೇಸ್ತ್ರಿ, ಹೊತ್ತಾಯ್ತು" ಎಂದೆ.

"ಈಗ ಎದ್ದರೆ ಎದ್ದ ಜಾಗದಲ್ಲಿ ಗೆರೆ ಬೀಳುತ್ತೆ ಅಕ್ಕಾವ್ರೇ. ಆ ಗೆರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ" ಎಂದರು. ನಾಲ್ಕೂವರೆಗೆ ಎದ್ದು ಕೈ ತೊಳೆದರು.

ಮಾರನೆಯ ದಿನ ಅಂಚಿಗೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆವು. ಒಂದು ವಾರ ನೀರು ಆರಲು ಬಿಡಲಿಲ್ಲ. ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆವು. ಒಂದೇ ದೊಡ್ಡ ಹಾಸು ಮಾಡಿದರೆ ಬಿರುಕು ಬಿಡುತ್ತದೆ ಅಂತ ಮೇಸ್ತ್ರಿ ನಡುವೆ ಕಪ್ಪು ಪಟ್ಟಿ ಹಾಕಿ ನೆಲವನ್ನು ಭಾಗ ಮಾಡಿದ್ದರು. ಈಗ ಫೋಟೋ ತೆಗೆಯುವವರೆಲ್ಲ ಮೊದಲು ತೆಗೆಯುವುದು ಆ ಕಪ್ಪು ಪಟ್ಟಿಯನ್ನೇ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಬಚ್ಚಲು. ಹಳೆ ಮನೆಗೆ ಇದ್ದದ್ದು ಹಿತ್ತಲಲ್ಲಿ ಒಂದೇ ಬಚ್ಚಲು ಮನೆ, ಅದರಲ್ಲಿ ಹಂಡೆ. ಈಗ ಪ್ರತಿ ಕೋಣೆಗೂ ಒಂದು ಬೇಕು. ಮಣ್ಣಿನ ಗೋಡೆಯ ಒಳಗೆ ನೀರಿನ ಪೈಪ್ ಓಡಿಸಿದರೆ ಆ ಗೋಡೆ ಉಳಿಯುವುದಿಲ್ಲ. ಆದ್ದರಿಂದ ಮನೆಯ ಹಿಂಭಾಗಕ್ಕೆ ಮಾಡು ಇಳಿಸಿ, ಸಾಲಾಗಿ ಹೊಸ ಬಚ್ಚಲು ಕಟ್ಟಿದೆವು. ಹಳೆ ಗೋಡೆಗೂ ಹೊಸ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಟ್ಟೆವು. ಪೈಪ್ ಎಲ್ಲ ಹೊರಗಿನ ಗೋಡೆಯಲ್ಲೇ ಇದೆ. ಸೋರಿದರೆ ಕಣ್ಣಿಗೆ ಕಾಣುತ್ತದೆ, ನೆಲ ಅಗೆಯದೆ ರಿಪೇರಿ ಮಾಡಬಹುದು. ಬಿಸಿ ನೀರಿಗೆ ಸೋಲಾರ್ ಹಾಕಿಸಿದೆವು. ಜುಲೈನಲ್ಲಿ ವಾರಗಟ್ಟಲೆ ಸೂರ್ಯನೇ ಕಾಣದ ಊರು ನಮ್ಮದು. ಹಾಗಾಗಿ ಸೌದೆ ಬಾಯ್ಲರ್ ಕೂಡ ಬೇಕೇ ಬೇಕು. ತೋಟದಲ್ಲಿ ಕಿತ್ತ ಹಳೆ ಕಾಫಿ ಗಿಡದ ಸೌದೆ ಅದಕ್ಕೆ ಸಾಕಾಗುತ್ತದೆ. ಬಾಯ್ಲರಿನ ಹೊಗೆ ಕೊಳವೆ ಹೋಗುವ ಚಿಕ್ಕ ಕೋಣೆಯಲ್ಲಿ ಹಗ್ಗ ಕಟ್ಟಿದ್ದೇವೆ. ಮಳೆಗಾಲದಲ್ಲಿ ಹಾಸಿಗೆ ಬಟ್ಟೆ ಒಣಗುವುದು ಅಲ್ಲೇ. ಮಲೆನಾಡಿನಲ್ಲಿ ರೂಮು ಬಾಡಿಗೆಗೆ ಕೊಡುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಮುಗ್ಗಲು ವಾಸನೆ ಬರುವ ಹಾಸಿಗೆಯ ಮುಂದೆ ಎಂಥ ಬೀಟೆ ಮಂಚವೂ ಚೆಂದ ಕಾಣುವುದಿಲ್ಲ.

ಹಳೆ ಹಂಡೆ ಹಾಗೇ ಇದೆ. ಕೇಳಿದವರಿಗೆ ಒಲೆ ಹಾಕಿ ಕೊಡುತ್ತೇವೆ.

ಮಾಡಿನ ಹೆಂಚು ಮಂಗಳೂರಿನದು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟ ಹತ್ತಿ ಬಂದ ಹೆಂಚುಗಳ ಸಾಲಿನದ್ದು. ಒಡೆದವುಗಳ ಬದಲಿಗೆ ಘಟ್ಟದ ಕೆಳಗೆ ಕೆಡವಿದ ಮನೆಗಳಿಂದ ಹಳೆ ಹೆಂಚನ್ನೇ ತರಿಸಿದೆ. ಹೊಸದು ಹಾಕಿದರೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಕತ್ತಲೆ ಇದ್ದ ಕೋಣೆಗಳಿಗೆ ಹೊಸ ಕಿಟಕಿ ಒಡೆಯಲಿಲ್ಲ. ಎರಡೆರಡು ಗಾಜಿನ ಹೆಂಚು ಇಟ್ಟೆ. ಬೆಳಕು ಕೋಲಿನ ಹಾಗೆ ಇಳಿದು ಮಧ್ಯಾಹ್ನದವರೆಗೆ ನೆಲದ ಮೇಲೆ ಜರುಗುತ್ತಾ ಹೋಗುತ್ತದೆ. ರಾತ್ರಿಗೆ 2700 ಕೆಲ್ವಿನ್ನಿನ ಹಳದಿ ಬಲ್ಬು, ಅದೂ ಕೂತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಟ್ಯೂಬ್‌ಲೈಟ್ ಇರುವುದು ಅಡುಗೆ ಮನೆಯಲ್ಲಿ ಮಾತ್ರ. ಹೊದೆಯಲು ಚಳ್ಳಕೆರೆ ಕಂಬಳಿ. ಮೈಗೆ ಚುಚ್ಚುತ್ತದೆ ಅಂತ ಒಳಗಡೆ ಹತ್ತಿ ಬಟ್ಟೆ ಕೊಟ್ಟು ಹೊಲಿಸಿದ್ದೇವೆ.

ಒಂದು ಕಾಲಕ್ಕೆ ನೊಗ, ಬೀಸುವ ಕಲ್ಲು, ಹಳೆ ಲಾಟೀನು ಎಲ್ಲ ಗೋಡೆಗೆ ನೇತು ಹಾಕುವ ಯೋಚನೆ ನನಗೂ ಇತ್ತು. ಈಗ ಬೇಡ ಅನ್ನಿಸಿದೆ. ಬಳಸದ ವಸ್ತು ನೋಡಲು ಚೆಂದ, ಆದರೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದನ್ನೇ ಅದು ಹೇಳುತ್ತದೆ. ಒರಳು ಕಲ್ಲು ಇರುವ ಜಾಗದಲ್ಲೇ ಇದೆ, ಚಟ್ನಿ ರುಬ್ಬುತ್ತೇವೆ. ಗೋಡೆಯ ಮೇಲೆ ಇರುವುದು ಅಪ್ಪನ ಮಳೆ ಪುಸ್ತಕದ ಪುಟ್ಟ ಕಪಾಟು. ತೋಟದವರ ಮನೆಯಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆದು ಬರೆಯುವುದು ರೂಢಿ; ನೂರು ಸೆಂಟಿಗೆ ಒಂದು ಇಂಚು. ಅಮ್ಮ ಈಗಲೂ ಬರೆಯುತ್ತಾಳೆ. ಬೆಳಗ್ಗೆ ಮಕ್ಕಳು ಓಡಿ ಹೋಗಿ ಅಳತೆ ನೋಡಿ ಬಂದು "ಎರಡು ಇಂಚು ನಲವತ್ತು ಸೆಂಟು" ಅಂತ ಕೂಗಿದರೆ ಅಮ್ಮ ಪೆನ್ನು ತೆಗೆಯುತ್ತಾಳೆ. 2018ರ ಆಗಸ್ಟಿನ ಪುಟ ತೆಗೆದು ಬಹಳ ಜನ ಸುಮ್ಮನೆ ನೋಡುತ್ತಾ ಕೂತಿದ್ದಾರೆ. ಶಿರಾಡಿ ಘಾಟಿನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ತಿಂಗಳು ಅದು.

ಅಡುಗೆ ಮನೆಯ ವಿಷಯಕ್ಕೆ ಅಮ್ಮನಿಗೂ ನನಗೂ ಜಗಳವೇ ಆಯಿತು. ಗೋಡೆ ಒಡೆದು ಎಲ್ಲರಿಗೂ ಕಾಣುವ ಹಾಗೆ ತೆರೆದುಬಿಡೋಣ ಎಂದು ನಾನು. "ನಾನು ಅಕ್ಕಿರೊಟ್ಟಿ ತಟ್ಟೋದನ್ನ ಪ್ರದರ್ಶನಕ್ಕೆ ಇಡ್ತೀಯಾ?" ಎಂದು ಅವಳು. ಅವಳ ಮಾತೇ ಸರಿ. ಗೋಡೆ ಉಳಿಯಿತು, ಬಾಗಿಲು ತೆರೆದಿಟ್ಟೆವು. ಒಲೆಯ ಹತ್ತಿರ ನಾಲ್ಕು ಮಣೆ ಇವೆ. ಬರಬೇಕು ಅನ್ನಿಸಿದವರು ತಾವಾಗಿಯೇ ಬರುತ್ತಾರೆ. ಕಳಲೆ ಹೆಚ್ಚುವುದನ್ನು ನೋಡುತ್ತಾ, ಕಡುಬು ಬೇಯುವವರೆಗೆ ಮಾತಾಡುತ್ತಾ ಕೂರುತ್ತಾರೆ. ಬರದವರಿಗೆ ತೊಟ್ಟಿಯ ಸುತ್ತ ಊಟ. ದೇವರ ಮನೆ ಮತ್ತು ಅಮ್ಮನ ಕೋಣೆಗೆ ಮಾತ್ರ ಯಾರಿಗೂ ಪ್ರವೇಶ ಇಲ್ಲ. ಮೊದಲು ಇದು ಬಂದವರಿಗೆ ಮುಜುಗರ ಆಗಬಹುದು ಅಂದುಕೊಂಡಿದ್ದೆ. ಆದದ್ದು ಬೇರೆ. ಮುಚ್ಚಿದ ಆ ಎರಡು ಬಾಗಿಲು ನೋಡಿದಾಗಲೇ ಇಲ್ಲಿ ನಿಜವಾಗಿ ಯಾರೋ ಬದುಕುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುವುದು. ದನಿ ತಗ್ಗಿಸಿ ಮಾತಾಡುತ್ತಾರೆ. ಊಟ ಆದ ಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಬರುತ್ತಾರೆ.

ಗೌರಿ ಹಬ್ಬ, ದೀಪಾವಳಿಗೆ ಹೋಟೆಲ್ ಮುಚ್ಚುತ್ತೇವೆ. ಆಗ ಆರು ಕೋಣೆಯೂ ನಮ್ಮ ಅತ್ತೆ, ಚಿಕ್ಕಪ್ಪಂದಿರ ಮಕ್ಕಳದ್ದು. ಕಳೆದ ದೀಪಾವಳಿಗೆ, ಮೂರು ಸಲ ಬಂದು ಹೋಗಿದ್ದ ಒಂದು ಕುಟುಂಬ ಫೋನ್ ಮಾಡಿತು. ನಾನು ಆಗಲ್ಲ ಎಂದು ಹೇಳುವಷ್ಟರಲ್ಲಿ ಅಮ್ಮ ಫೋನ್ ತೆಗೆದುಕೊಂಡಳು.

"ಬನ್ನಿ. ಆದ್ರೆ ರೂಮಿಲ್ಲ, ನಡುಮನೇಲಿ ಹಾಸ್ಕೊಂಡು ಮಲಗಬೇಕು."

ನಾಲ್ಕು ಜನ ಬಂದರು. ಎಣ್ಣೆ ನೀರಿಗೆ ಹಂಡೆ ಎರಡು ಸಲ ತುಂಬಿಸಬೇಕಾಯಿತು. ಹೊರಡುವಾಗ ಅವರು ದುಡ್ಡಿನ ಮಾತು ತೆಗೆದರು. ಅಮ್ಮ ಕೇಳಿಸಿಕೊಳ್ಳದವಳ ಹಾಗೆ ಒಂದು ಚೀಲ ಕಾಫಿಪುಡಿ ಕಟ್ಟುತ್ತಿದ್ದಳು.