ಮಾಳಿಗೆ ಮೇಲೆ ಎಡಿನ್‌ಬರೋ: ಮಕ್ಕಳ ಜತೆ ಹಾಡಿನ ನಾಟಕ ಕಟ್ಟುವುದು ಹೀಗೆ

ಹದಿಮೂರರಿಂದ ಹದಿನೇಳರೊಳಗಿನ ಆರೇಳು ಮಕ್ಕಳು, ಒಂದು ಹಾರ್ಮೋನಿಯಂ, ಒಂದು ಮಾಳಿಗೆ. ಇಷ್ಟಿದ್ದರೆ ಕಲಬುರಗಿಯ ಯಾವ ಕಾಲೋನಿಯಲ್ಲಾದರೂ ಹಾಡಿನ ನಾಟಕ ಆಗುತ್ತದೆ. ಹೋದ ಬೇಸಿಗೆಯಲ್ಲಿ ನಾವು ಮಾಡಿದೆವು. ಈ ಸಲ ನೀವೂ ಮಾಡಿ ಅಂತಲೇ ಬರೆಯುತ್ತಿದ್ದೇನೆ.

ನಮ್ಮ ಕಥೆಯಲ್ಲಿ ಮೂವರು ಗೆಳತಿಯರ ತಂಡ ಹಾಡಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೊರಡುತ್ತದೆ. ಅಲ್ಲಿ ಆಗಸ್ಟಿನಲ್ಲಿ ಫ್ರಿಂಜ್ ಅನ್ನುವ ದೊಡ್ಡ ಕಲಾ ಹಬ್ಬ ನಡೆಯುತ್ತದೆ. 1947ರಲ್ಲಿ ಎಂಟು ನಾಟಕ ತಂಡಗಳು ಯಾರೂ ಕರೆಯದಿದ್ದರೂ ಹೋಗಿ ಆಡಿದ್ದರಿಂದ ಶುರುವಾದ ಹಬ್ಬ ಅದು, ಈಗಲೂ ಅಲ್ಲಿ ಆಯ್ಕೆ ಸಮಿತಿ ಇಲ್ಲ. ಈ ಒಂದು ಸಂಗತಿಗಾಗಿಯೇ ನಾನು ಆ ಊರನ್ನು ಆರಿಸಿದ್ದು. ಸ್ಪರ್ಧೆ, ಬಹುಮಾನದ ಕಪ್, ಗೆದ್ದವರು ಯಾರು ಅನ್ನುವುದೆಲ್ಲ ಕಥೆಯಿಂದ ಹೊರಗೆ ಹೋಯಿತು, ಗೆಳೆತನ ಒಂದೇ ಉಳಿಯಿತು.

ಊರು ಆಮೇಲೆ, ಮೊದಲು ಜಗಳ ಯಾವುದು ಅಂತ ಮಕ್ಕಳನ್ನೇ ಕೇಳಿ. 18 ತುಂಬದವರ ಪಾಸ್‌ಪೋರ್ಟಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ನಮ್ಮ ನಾಟಕದಲ್ಲಿ ಒಬ್ಬಳ ಅಪ್ಪ ಸಹಿ ಹಾಕಲು ತಡ ಮಾಡುತ್ತಾನೆ, ಉಳಿದಿಬ್ಬರು ಅವಳಿಗೆ ಹೇಳದೆ ಆ ಜಾಗಕ್ಕೆ ಇನ್ನೊಬ್ಬಳನ್ನು ಮಾತಾಡಿಸಿ ಇಡುತ್ತಾರೆ. ಖಳನಾಯಕ ಯಾರೂ ಇಲ್ಲ. ಆದರೂ ನೋವು ಎಷ್ಟು ನಿಜ, ಅಲ್ವಾ? ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಕೂತು ನೋಡುವ ನಾಟಕ ಅಂದರೆ ಸಪ್ಪೆ ನಾಟಕ ಅಲ್ಲ. ಬಣ್ಣ, ದಪ್ಪ, ಮಾತಿನ ಧಾಟಿ ಹಿಡಿದು ಆಡಿಕೊಳ್ಳುವ ಜೋಕು ಮಾತ್ರ ಬೇಡವೇ ಬೇಡ.

ಮುಕ್ಕಾಲು ಗಂಟೆಯ ನಾಟಕಕ್ಕೆ ಐದು ಹಾಡು ಸಾಕು. ಮಾತು ಸಾಲದೇ ಹೋದ ಕಡೆ ಮಾತ್ರ ಹಾಡು ಬರಲಿ. ಜಾತ್ರೆಗೆ ಬರುವ ಕಂಪನಿ ನಾಟಕದವರನ್ನು ನೋಡಿ, ಮಾತಿನ ಕೊನೆಯ ಪದ ಬಾಯಲ್ಲಿರುವಾಗಲೇ ಹಾರ್ಮೋನಿಯಂ ಎತ್ತಿಕೊಳ್ಳುತ್ತದೆ. ನಮ್ಮ ಮೊದಲ ಹಾಡು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ, ಮುಂಬೈ ಕಡೆ ಹೋಗುವಾಗ, ತಾಳಕ್ಕೆ ಟಿಫಿನ್ ಡಬ್ಬಿ. ಸಿನಿಮಾ ಧಾಟಿ ತರಬೇಡಿ. ಕಡಕೋಳ ಮಡಿವಾಳಪ್ಪನವರ ತತ್ವಪದ ನಮ್ಮ ನೆಲದ್ದೇ, ಭಜನೆ ಹಾಡುವ ಹಿರಿಯರು ಓಣಿಯಲ್ಲಿ ಒಬ್ಬರಾದರೂ ಸಿಗುತ್ತಾರೆ. ಒಬ್ಬಳ ಮನೆಯಲ್ಲಿ ದಖನಿ, ಇನ್ನೊಬ್ಬಳ ತಾಂಡಾದಲ್ಲಿ ಲಂಬಾಣಿ ಮಾತಾಡಿದರೆ ಅವೂ ಹಾಡಿನೊಳಗೆ ಬರಲಿ.

ಎಲ್ಲರ ಕಣ್ಣು ಒದ್ದೆ ಮಾಡಿದ್ದು ನಾಲ್ಕನೇ ಹಾಡು. ಆಗಸ್ಟಿನಲ್ಲಿ ಎಡಿನ್‌ಬರೋ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಮಕ್ಕಳು ವೇದಿಕೆ ಹತ್ತುವಾಗ ಇಲ್ಲಿ ಹನ್ನೆರಡೂವರೆ. ರಂಗದ ಒಂದು ಮೂಲೆಯಲ್ಲಿ ತಾಯಿ ನಿದ್ದೆಗೆಟ್ಟು ಫೋನ್ ಹಿಡಿದು ಕೂತಿದ್ದಾಳೆ, ಇನ್ನೊಂದು ಮೂಲೆಯಲ್ಲಿ ಮಗಳು. ಇಬ್ಬರೂ ಒಂದೇ ಸಾಲನ್ನು ಸರದಿಯಂತೆ ಹಾಡುತ್ತಾರೆ. ಇಂಥದೊಂದು ಜಾಗ ನಿಮ್ಮ ಕಥೆಯಲ್ಲೂ ಇರಲಿ.

ಇನ್ನು ಕಂಠದ ವಿಷಯ. ಹದಿಮೂರು ಹದಿನಾಲ್ಕರ ಹುಡುಗರ ದನಿ ಒಡೆಯುತ್ತಿರುತ್ತದೆ. ಮೇಲಿನ ಸ್ವರಕ್ಕೆ ಎಳೆಯಬೇಡಿ, ಶ್ರುತಿ ಇಳಿಸಿ, ಇಲ್ಲವೇ ತಾಳ ಅವರಿಗೆ ಕೊಡಿ. ಕುಣಿಯುತ್ತಾ ಹಾಡಲು ಉಸಿರು ಸಾಲುವುದಿಲ್ಲ. ಅದಕ್ಕೆ ನಿಂತಲ್ಲೇ ಓಡುತ್ತಾ ಪಲ್ಲವಿ ಹಾಡಿಸಿ, ಎರಡು ವಾರದಲ್ಲಿ ಫರಕ್ ಗೊತ್ತಾಗುತ್ತದೆ. ಜೋರು ಕುಣಿತ ಇರುವ ಕಡೆ ಸಾಲುಗಳನ್ನು ಮೂವರಿಗೆ ಹಂಚಿ.

ಬ್ಲೂಟೂತ್ ಸ್ಪೀಕರ್ ನಂಬಬೇಡಿ. ಮೈಕಿನ ದನಿಯನ್ನು ಅದರ ಮೂಲಕ ಬಿಟ್ಟರೆ ಒಂದು ಕ್ಷಣ ತಡವಾಗಿ ಕೇಳುತ್ತದೆ, ಮಕ್ಕಳು ತಾಳ ತಪ್ಪುತ್ತಾರೆ. ನಮಗೆ ಕೊನೆಯ ತಾಲೀಮಿನಲ್ಲಿ ಹಾಗೇ ಆಗಿ ಒಬ್ಬಳು ಅತ್ತೇಬಿಟ್ಟಳು. ವೈರ್ ಇರುವ ಮೈಕ್ ಬಾಡಿಗೆಗೆ ತನ್ನಿ.

ವಿದೇಶ ತೋರಿಸಲು ಸುಮ್ನೆ ಪರದೆಗೆ ಖರ್ಚು ಮಾಡಬೇಡಿ. ಫ್ರಿಂಜ್‌ನಲ್ಲಿ ಕಲಾವಿದರೇ ರಾಯಲ್ ಮೈಲ್ ಬೀದಿಯಲ್ಲಿ ನಿಂತು ತಮ್ಮ ಆಟದ ಚೀಟಿ ಹಂಚುತ್ತಾರೆ. ನಮ್ಮ ಮಕ್ಕಳು ಪ್ರೇಕ್ಷಕರ ನಡುವೆ ಇಳಿದು ಹಾಗೇ ಚೀಟಿ ಕೊಟ್ಟರು, ಅಷ್ಟಕ್ಕೇ ಮಾಳಿಗೆ ಎಡಿನ್‌ಬರೋ ಆಯಿತು. ಅಲ್ಲಿ ಬಂಡೆಯ ಮೇಲೊಂದು ಕೋಟೆ ಇದೆ, ಕೋಟೆ ಹೇಗಿರುತ್ತದೆ ಅಂತ ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಳಿಗೆ ಸ್ವೆಟರ್ ಹಾಕಿಸಬೇಡಿ, ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಒಂದು ತೆಳು ಶಾಲು ಸಾಕು.

ತಾಲೀಮು ಬೆಳಿಗ್ಗೆ ಆರರಿಂದ ಎಂಟು, ಬಿಸಿಲು ಏರುವ ಮುಂಚೆ. ಆಟ ಸಂಜೆ ಏಳೂವರೆಗೆ, ಹೊತ್ತಿಗೆ ಮುಂಚೆ ಮಾಳಿಗೆಗೆ ನೀರು ಹೊಡೆದು ಜಮಖಾನೆ ಹಾಸಿ. ಕರೆಂಟ್ ಹೋದರೆ ಎರಡು ಚಾರ್ಜಿಂಗ್ ಲೈಟು ಪಕ್ಕದಲ್ಲಿರಲಿ. ಮಂಡಕ್ಕಿ ಸುಸಲಾ ನಾಟಕ ಮುಗಿದ ಮೇಲೆ ಹಂಚಿ, ನಡುವೆ ಕೊಟ್ಟರೆ ತಾಯಿಯ ಹಾಡು ಹಿಂದಿನ ಸಾಲಿಗೆ ಕೇಳುವುದಿಲ್ಲ.