ಸಿಪಿಯು ಮಲಗಿಸಿದರೆ ಹಾರ್ಡ್ ಡಿಸ್ಕ್ ಹಾಳಾಗುತ್ತಾ?

ಮೇಜಿನ ಮೇಲೆ ಜಾಗ ಸಾಲುವುದಿಲ್ಲ, ಸಿಪಿಯು ಡಬ್ಬವನ್ನು ಅಡ್ಡ ಮಲಗಿಸಬೇಕು. ಒಳಗಿನ ಹಾರ್ಡ್ ಡಿಸ್ಕ್ ಕೆಟ್ಟರೆ ಎಂಬ ಭಯ. ಭಯ ಬೇಡ. ಇವತ್ತಿನ ಡಿಸ್ಕ್ ನಿಂತರೂ ಕೆಲಸ ಮಾಡುತ್ತದೆ, ಮಲಗಿದರೂ ಮಾಡುತ್ತದೆ. ಅದು ತಡೆದುಕೊಳ್ಳದಿರುವುದು ಓಡುತ್ತಿರುವಾಗ ಬೀಳುವ ಪೆಟ್ಟನ್ನು.

ಒಳಗೆ ಏನಾಗುತ್ತದೆ ನೋಡಿ. ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತಿರುತ್ತವೆ. 7,200 ಅಂದರೆ ಸೆಕೆಂಡಿಗೆ 120 ಸುತ್ತು! ಓದುವ ತಲೆ ತಟ್ಟೆಗೆ ತಾಗುವುದಿಲ್ಲ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಒಂದು ಧೂಳಿನ ಕಣವೂ ಆ ಸಂದಿಗಿಂತ ಎಷ್ಟೋ ದಪ್ಪ. ಆ ಹೊತ್ತಿನಲ್ಲಿ ಡಬ್ಬವನ್ನು ದಡ್ಡನೆ ಉರುಳಿಸಿದರೆ ತಲೆ ತಟ್ಟೆಯನ್ನು ಗೀರಬಹುದು. ಗೀರಿದ ಕಡೆಯ ಫೋಟೊ, ಲೆಕ್ಕಪತ್ರ ವಾಪಸ್ ಬರುವುದು ಕಷ್ಟ.

1980ರ ದಶಕದ ಡಿಸ್ಕ್‌ಗಳಲ್ಲಿ ಈ ಭಯಕ್ಕೆ ಅರ್ಥವಿತ್ತು. ಆಗ ತಲೆಯನ್ನು ಸರಿಸುತ್ತಿದ್ದದ್ದು ಸ್ಟೆಪ್ಪರ್ ಮೋಟಾರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್. ನಿಲ್ಲಿಸಿದ್ದನ್ನು ಮಲಗಿಸಿದರೆ ತಲೆ ಕೂದಲೆಳೆಯಷ್ಟು ಜಾರಿ ಗುರುತು ತಪ್ಪುತ್ತಿತ್ತು, ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತಿತ್ತು. ಈಗ ತಟ್ಟೆಯ ಮೇಲೇ ಗುರುತುಗಳಿವೆ. ತಲೆ ಅವನ್ನು ಓದಿಕೊಂಡು ತನ್ನ ಜಾಗ ತಾನೇ ಸರಿಮಾಡಿಕೊಳ್ಳುತ್ತದೆ.

ಸರಿ, ಮಲಗಿಸೋಣ. ಮೊದಲು ಮುಖ್ಯವಾದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಅರ್ಧ ನಿಮಿಷ ಕಾಯಿರಿ. ಗುಂಯ್ ಎನ್ನುವ ಸದ್ದು ಸಣ್ಣಗಾಗಿ ನಿಂತುಹೋಗುವುದು ಕಿವಿಗೊಟ್ಟರೆ ಕೇಳಿಸುತ್ತದೆ. ಸ್ಲೀಪ್ ಸಾಲದು, ಪೂರ್ತಿ ಆಫ್ ಆಗಬೇಕು.

ಬಿಚ್ಚುವ ಕಡೆಯ ಬಾಗಿಲು ಮೇಲೆ ಬರುವಂತೆ ಮೆಲ್ಲಗೆ ಮಲಗಿಸಿ. ಹೀಗೆ ಮಲಗಿಸಿದರೆ ಪ್ರೊಸೆಸರ್ ಮೇಲಿನ ಭಾರದ ಕೂಲರ್ ಜೋತುಬೀಳದೆ ನೆಟ್ಟಗೆ ನಿಲ್ಲುತ್ತದೆ, ಅದೂ ಒಂದು ಲಾಭ. ಗಾಳಿಯ ಕಿಂಡಿಗಳು ಗೋಡೆಗೋ ಬಟ್ಟೆಗೋ ಒತ್ತಿಕೊಳ್ಳಬಾರದು. ಬಿಸಿ ಜಾಸ್ತಿಯಾದರೆ ಡಿಸ್ಕ್ ಬೇಗ ಸವೆಯುತ್ತದೆ. ಬಾಗಿಲು ತೆಗೆದಿದ್ದರೆ ಡಿಸ್ಕ್‌ನ ಸ್ಕ್ರೂಗಳನ್ನೂ ನೋಡಿ. ಒಂದೇ ಸ್ಕ್ರೂನಲ್ಲಿ ನೇತಾಡುವ ಡಿಸ್ಕ್ ಅದುರುತ್ತದೆ. ಎಷ್ಟೋ ಡಿಸ್ಕ್‌ಗಳ ಮೈಮೇಲೆ ಉಸಿರಾಡುವ ಪುಟ್ಟ ತೂತು ಇರುತ್ತದೆ, ಅದರ ಮೇಲೆ ಟೇಪ್ ಅಂಟಿಸಬೇಡಿ.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಫೈಲುಗಳನ್ನು ಚಿಪ್‌ಗಳಲ್ಲಿ ಇಡುವ ಡಿಸ್ಕ್) ಇದ್ದರೆ ಈ ಚಿಂತೆಯೇ ಇಲ್ಲ, ಅದರಲ್ಲಿ ತಿರುಗುವುದೇನೂ ಇಲ್ಲ.

ಆನ್ ಮಾಡಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ತೆರೆದು ನೋಡಿ. ನೀಲಿ ಬಣ್ಣ ತೋರಿಸಿದರೆ ಡಿಸ್ಕ್ ಚೆನ್ನಾಗಿದೆ. ಹಳದಿ ಬಂದರೆ, ಅಥವಾ ಟಿಕ್ ಟಿಕ್ ಎಂಬ ಹೊಸ ಸದ್ದು ಕೇಳಿಸಿದರೆ, ಅವತ್ತೇ ಹೊಸ ಡಿಸ್ಕ್ ತಂದುಬಿಡಿ.